ಕರಿಬೇವಿನ ಕುಂಡದ ಬ್ರೇಕು

ಹಂಡೆಯ ನೀರಿನಲ್ಲಿ ಒಂದು ಬಾಗಿಲ ತಿರುಗಣಿ ಮುಳುಗಿತ್ತು. ಬೆಳಿಗ್ಗೆ ಇಟ್ಟಿಗೆಯ ಬಣ್ಣಕ್ಕಿದ್ದದ್ದು ಊಟದ ಹೊತ್ತಿಗೆ ಕಪ್ಪಾಯಿತು, ಚಹಾದ ಹೊತ್ತಿಗೆ ಬೆಳ್ಳಗೆ ಹೊಳೆಯಿತು. ಉಜ್ಜಿದವರಿಲ್ಲ, ಕೆರೆದವರಿಲ್ಲ. ಅಳೆದರೆ ಕೂದಲೆಳೆಯಷ್ಟೂ ಸವೆದಿರಲಿಲ್ಲ.

ಇಸವಿ ೨೦೬೧. ಈ ಹಂಡೆಯನ್ನು ಮಾಡಿದವರು ನಮ್ಮ ಹುಬ್ಬಳ್ಳಿಯ ಡಾ. ನೀಲಾಂಬಿಕಾ ಹಂಪಣ್ಣವರ. ಹೌದು, ನಮ್ಮೂರಿನವರೇ, ಹೇಳಿಕೊಳ್ಳಲು ನಮಗೇನು ಸಂಕೋಚ? ಕಬ್ಬಿಣ ಗಾಳಿಯ ಆಮ್ಲಜನಕದೊಂದಿಗೆ ಸೇರಿದರೆ ತುಕ್ಕು. ಹಂಡೆಯಲ್ಲಿ ಸಾಕಿದ ಸೂಕ್ಷ್ಮಜೀವಿಗಳು ಸಣ್ಣ ವಿದ್ಯುತ್ತಿನ ಬಲದಿಂದ ಆ ಆಮ್ಲಜನಕವನ್ನಷ್ಟೇ ಕಿತ್ತು ತಿಂದು, ಕಬ್ಬಿಣವನ್ನು ಇದ್ದಲ್ಲೇ ಬಿಡುತ್ತವೆ. ಹಾಳಾಗಿದ್ದೇ ತಿರುಗಿ ಗಟ್ಟಿಯಾಗುತ್ತದೆ. ಹಂಡೆ ಬಚ್ಚಲಮನೆಯ ಮೂಲೆಯಲ್ಲಿ ಇಟ್ಟುಕೊಳ್ಳುವಷ್ಟು ಸಣ್ಣದು.

ಆ ಶುಕ್ರವಾರ ನೀಲಾ ಅವರ ಮನೆಗೆ ಬಂದವರು ಅರವತ್ತೆಂಟು ವರ್ಷದ ದೇವಕ್ಕ ಕಮ್ಮಾರ. ಅವರ ತಾಯಿ ತುಳಜವ್ವ ಊರಿನ ಟ್ಯಾಕ್ಸಿ ನಿಲ್ದಾಣದಲ್ಲಿ ಗಂಡಸರ ನಡುವೆ ಒಬ್ಬಳೇ ಹೆಂಗಸಾಗಿ ಕಾರು ಓಡಿಸಿದವಳು, ಅದೂ ಬರಿಗಾಲಿನಲ್ಲಿ. ಮಳೆಗಾಲದಲ್ಲಿ ಕಾಲು ಜಾರಬಾರದೆಂದು ಅವಳ ಗಂಡ ಬ್ರೇಕಿನ ಪೆಡಲಿಗೆ ಅರದಿಂದ ಅಡ್ಡಡ್ಡ ಗೆರೆ ಕೊರೆದುಕೊಟ್ಟಿದ್ದ. ಈಗ ಆ ಕಾರಿಗೆ ಸೋಮವಾರ ತಪಾಸಣೆ. ಚಾಲಕರ ಕೈಕಾಲು ತಾಗುವ ಭಾಗಗಳೆಲ್ಲ ಮೂಲ ಕಬ್ಬಿಣದವೇ ಆಗಿದ್ದರೆ ಪಾರಂಪರಿಕ ವಾಹನವೆಂದು ಉಳಿಯುತ್ತದೆ, ಇಲ್ಲದಿದ್ದರೆ ಗುಜರಿಯ ಯಂತ್ರಕ್ಕೆ. ಉಳಿದದ್ದೆಲ್ಲ ಸರಿಯಿತ್ತು. ಪೆಡಲು ಮಾತ್ರ ತುಕ್ಕು ತಿಂದು ಹಪ್ಪಳವಾಗಿತ್ತು. ನೀಲಾ ಹಿಂದಿನ ವಾರವೇ ಅದನ್ನು ನೋಡಿ, "ಬಿಚ್ಚಿ ತರ್ರಿ" ಅಂದಿದ್ದರು.

ದೇವಕ್ಕ ಬಟ್ಟೆಯ ಗಂಟು ಬಿಚ್ಚಿದರು. ಪೆಡಲು ಫಳಫಳ ಹೊಳೆಯಿತು. ನಟ್ಟನಡುವೆ ಹೆಬ್ಬೆರಳು ತೂರುವಷ್ಟು ತೂತು.

"ಅಯ್ಯೋ ದೇವಕ್ಕಾರ, ಇದಕ್ಕೇನ್ ಮಾಡೀರಿ?"

"ಹೊಲಸು ಸಾಮಾನು ಇನ್ನೊಬ್ಬರ ಕೈಯಾಗ ಹೆಂಗ ಕೊಡೂದ್ರೀ ಬಾಯಾರ? ಹುಣಸಿಹಣ್ಣಿನ ನೀರಾಗ ಎರಡ ದಿನ ನೆನಸಿ, ಬೂದಿ ಹಚ್ಚಿ ತಿಕ್ಕೀನಿ. ತಾಮ್ರದ ಕೊಡನೂ ಇಷ್ಟು ಬೆಳಗೂದಿಲ್ಲ!"

ನೀಲಾ ಕಟ್ಟೆಯ ಮೇಲೆ ಕುಸಿದು ಕುಳಿತರು. "ನನ್ನ ಹಂಡೆಗೆ ಬೇಕಾದದ್ದ ಆ ತುಕ್ಕರೀ. ಅದ ನಿಮ್ಮ ಪೆಡಲಿನ ಕಬ್ಬಿಣ."

ದೇವಕ್ಕನ ಮುಖ ಸಣ್ಣದಾಯಿತು. "ನನ್ನ ಕೈಗಿಷ್ಟು ಬೆಂಕಿ ಹಚ್ಚ! ನಮ್ಮವ್ವನ ಗಾಡಿ ನಾನ ಕೊಂದ್ನೇನ್ರೀ?"

"ತಡೀರಿ. ಆ ನೀರು ಎಲ್ಲಿ ಚೆಲ್ಲೀರಿ?"

"ಚೆಲ್ಲೂದ್ಯಾಕ? ಕರಿಬೇವಿನ ಕುಂಡಕ್ಕ ಹಾಕೀನಿ. ಹುಳಿನೀರು ಅದಕ್ಕ ಚಲೋ."

ನೀಲಾ ಎದ್ದು ಚಪ್ಪಲಿ ಮೆಟ್ಟಿದರು. ಕುಂಡ ಸೊಂಟದೆತ್ತರದ್ದು, ಇಬ್ಬರೂ ಆಟೋದಲ್ಲಿ ತಬ್ಬಿಕೊಂಡೇ ತಂದರು. ಗಿಡವನ್ನು ಬೇರೆಡೆ ನೆಟ್ಟು, ಮಣ್ಣನ್ನು ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿದರು. ಹುಣಸೆಯ ಆಮ್ಲ ತಾನು ಕರಗಿಸಿದ ಕಬ್ಬಿಣವನ್ನು ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ. ಹೀಗಾಗಿ ಮಣ್ಣಿನ ಸ್ವಂತ ಕಬ್ಬಿಣ ಮಣ್ಣಿನಲ್ಲೇ ಉಳಿದು, ಪೆಡಲಿನದು ಮಾತ್ರ ನೀರಿಗಿಳಿಯಿತು. ಆ ನೀರನ್ನೇ ಹಂಡೆಗೆ ಸುರಿದು ಪೆಡಲನ್ನು ಮುಳುಗಿಸಿದರು. ನೀರಿನಲ್ಲಿದ್ದ ಕಬ್ಬಿಣ ವಿದ್ಯುತ್ತಿನ ಬಲದಿಂದ ತಿರುಗಿ ಪೆಡಲಿಗೇ ಹೋಗಿ ಅಂಟತೊಡಗಿತು.

ಭಾನುವಾರ ಮಧ್ಯಾಹ್ನ ತೂತು ಮುಚ್ಚಿತ್ತು. ದೇವಕ್ಕ ಪೆಡಲನ್ನು ಎತ್ತಿ ಎದೆಗೊತ್ತಿಕೊಂಡರು, ಆಮೇಲೆ ಅದರ ಮೇಲೆ ಬೆರಳಾಡಿಸಿದರು. ರೊಟ್ಟಿ ಹಂಚಿನಂತೆ ನುಣುಪು.

"ಗೆರಿ ಎಲ್ರೀ, ಬಾಯಾರ?"

"ಗೆರಿ ಬರಂಗಿಲ್ರೀ," ಅಂದರು ನೀಲಾ. "ಅದರ ಅಚ್ಚು ತುಕ್ಕಿನ ಪದರದಾಗ ಇತ್ತು. ತಿಕ್ಕಿದಾಗ ಹೋತು. ಕಬ್ಬಿಣ ತರೂದು ನನ್ನ ಹಂಡೆಗೆ ಗೊತ್ತೈತಿ, ನಿಮ್ಮಪ್ಪನ ಕೈ ತರೂದು ಗೊತ್ತಿಲ್ಲ."

ದೇವಕ್ಕ ಮನೆಗೆ ಹೋಗಿ ಅಪ್ಪನ ಅರ ತಂದರು. ಅಂಗಳದಲ್ಲಿ ಕುಳಿತು, ಪೆಡಲನ್ನು ಪಾದಗಳ ನಡುವೆ ಒತ್ತಿ ಹಿಡಿದು ಕೊರೆಯತೊಡಗಿದರು. ಈ ಕಡೆಯಿಂದ ಹನ್ನೊಂದು, ಆ ಕಡೆಯಿಂದ ಹನ್ನೊಂದು, ನಡುವೆ ಒಂದು. ಕೈ ಒಮ್ಮೆಯೂ ಅನುಮಾನಿಸಲಿಲ್ಲ. ನೀಲಾ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು.

ಸೋಮವಾರ ಪೆಡಲು ಕಾರಿಗೆ ಕೂತ ಮೇಲೆ ತಪಾಸಣಾಧಿಕಾರಿ ಬಂದರು. ಪ್ರತಿ ಕಬ್ಬಿಣದಲ್ಲೂ ಬೆರೆತ ಬೇರೆ ಧಾತುಗಳ ಪ್ರಮಾಣ ಬೇರೆ ಬೇರೆ, ಒಂದೊಂದು ಮನೆಯ ಸಾರಿನ ರುಚಿಯ ಹಾಗೆ. ಅವರ ಕೈಯಂತ್ರ ಅದನ್ನು ಓದುತ್ತದೆ. ಪೆಡಲಿನ ಕಾಂಡಕ್ಕೂ ತೇಪೆಗೂ ಹಿಡಿದರು. ಎರಡೂ ಒಂದೇ. ಮುದ್ರೆ ಒತ್ತಿದ ಮೇಲೆ ಬಗ್ಗಿ ನೋಡಿ ಕೇಳಿದರು.

"ಗೆರೆ ಹೊಸದಾಗಿ ಹಾಕಿದ್ದೀರಿ, ಅಡ್ಡಿಯಿಲ್ಲ. ಆದರೆ ನಡುವಿನದು ಸೊಟ್ಟ ಆಗಿದೆಯಲ್ಲಮ್ಮಾ, ಕೈ ತಪ್ಪಿತಾ?"

"ಇಲ್ರೀ ಸಾಹೇಬ್ರ," ಅಂದರು ದೇವಕ್ಕ. "ಅದು ನಾನು. ಅಪ್ಪ ಅರ ಆಡಿಸುವಾಗ ನಾಕು ವರ್ಷದಾಕಿ ಇದ್ದೆ, ಎತ್ಕೋ ಅಂತ ಮೊಣಕೈ ಜಗ್ಗಿದ್ದೆ."

ಆಮೇಲೆ ಚಪ್ಪಲಿ ಕಳಚಿ ಕಾರು ಹತ್ತಿದರು. ಇಳಿಜಾರಿನಲ್ಲಿ ಬರಿಗಾಲಿನಿಂದ ಬ್ರೇಕು ಒತ್ತಿದರು. ಕಾರು ನಿಂತಿತು. ಬೀದಿಯವರು ಚಪ್ಪಾಳೆ ತಟ್ಟಿದರು, ಎಲ್ಲರಿಗಿಂತ ಜೋರಾಗಿ ತಟ್ಟಿದ್ದು ನೀಲಾ. ಮರುದಿನ ಅವರ ಬಾಗಿಲಿಗೆ ಒಂದು ಹಲಗೆ ಬಂತು: ದಯವಿಟ್ಟು ತೊಳೆಯದೆ ತನ್ನಿ.

ಇದೆಲ್ಲ ಮುಂದಿನ ಮಾತಾಯಿತು. ಸದ್ಯಕ್ಕೆ ಯಾರ ಬಚ್ಚಲಲ್ಲೂ ಅಂಥ ಹಂಡೆ ಇಲ್ಲ. ನಿಮ್ಮ ಹಿತ್ತಲಲ್ಲಿ ಅಪ್ಪನ ಸ್ಕೂಟರಿನದೋ ಮಾವನ ಜೀಪಿನದೋ ಒಂದು ಪೆಡಲು ತುಕ್ಕು ಹಿಡಿದು ಬಿದ್ದಿದ್ದರೆ, ಉಪ್ಪುಕಾಗದ ಕೈಗೆತ್ತಿಕೊಳ್ಳುವ ಮೊದಲು ಒಮ್ಮೆ ಬೆರಳಾಡಿಸಿ ನೋಡಿ. ಯಾರ ಕಾಲು ಎಲ್ಲಿ ಊರುತ್ತಿತ್ತು, ಯಾವ ಗೆರೆ ಸೊಟ್ಟಗಿದೆ, ಬರೆದಿಟ್ಟುಕೊಳ್ಳಿ. ಆಮೇಲೆ ಬೇಕಾದರೆ ತಿಕ್ಕಿ.