ಬರೀ ಮರಳು ಬರುವ ಹೋಟೆಲು

ಅವನನ್ನು ಮದುವೆಯಾಗಲು ಒಪ್ಪಿದ್ದು ಸೋಮವಾರ. ಅದೇ ವಾರದ ಭಾನುವಾರದ ಹೊತ್ತಿಗೆ ಆ ಮನುಷ್ಯನ ಮುಖ ಕಂಡರೆ ಮೈಯೆಲ್ಲ ಉರಿಯುವ ಹಾಗಾಗಿತ್ತು. ನಡುವೆ ನಾವು ಮಾಡಿದ್ದು ಇಷ್ಟೇ, ಮದುವೆಯಾದ ಮೇಲೆ ನಾಲ್ಕು ದಿನ ಕಾಲು ಚಾಚಿ ಕೂರಲು ಇಬ್ಬರೂ ಸೇರಿ ಒಂದು ಸಮುದ್ರ ತೀರ ಹುಡುಕಿದ್ದು.

ನಾನು ಕೆಲಸ ಮಾಡುವುದು ದೊಡ್ಡ ಲಾಂಡ್ರಿಯಲ್ಲಿ. ಸಮುದ್ರ ನಮ್ಮಿಂದ ಒಂದು ಗಂಟೆ ದೂರ. ಅಲ್ಲಿನ ಹದಿನಾಲ್ಕು ಹೋಟೆಲುಗಳ ಬೆಡ್‌ಶೀಟು, ಟವೆಲು, ದಿಂಬಿನ ಕವರು ಎಲ್ಲ ಮೂಟೆ ಕಟ್ಟಿಸಿಕೊಂಡು ನಮ್ಮಲ್ಲಿಗೆ ಬರುತ್ತವೆ. ಮೂಟೆ ಬಿಚ್ಚಿ, ಕಲೆ ನೋಡಿ, ಯಾವುದು ಯಾವ ಮೆಷಿನ್ನಿಗೆ ಎಂದು ಬೇರೆ ಮಾಡುವ ಕಡೆ ನಾನೇ ಹಿರಿಯಳು. ಮಡಿಸುವ ಹೆಂಗಸರು ನನ್ನ ಬೆನ್ನ ಹಿಂದೆ ನನ್ನನ್ನು ಇಸ್ತ್ರಿಪೆಟ್ಟಿಗೆ ಎನ್ನುತ್ತಾರೆ. ಗೊತ್ತು. ಬಿಸಿಯಿಲ್ಲದ ಇಸ್ತ್ರಿಪೆಟ್ಟಿಗೆ ಯಾರಿಗೆ ಬೇಕು ಎಂದು ಸುಮ್ಮನಿದ್ದೇನೆ.

ಅವನು ಆ ಮೂಟೆ ತರುವ ವ್ಯಾನಿನ ಡ್ರೈವರ್. ಹತ್ತೊಂಬತ್ತು ವರ್ಷದಿಂದ ಅದೇ ಕೆಲಸ, ಮೊದಲು ಬೇರೆ ಲಾಂಡ್ರಿಗೆ, ನಾಲ್ಕು ವರ್ಷದಿಂದ ನಮ್ಮಲ್ಲಿಗೆ. ನಾಲ್ಕು ವರ್ಷ ನಾವು ಮೂಟೆ ಇಳಿಸುವ ಬಾಗಿಲಲ್ಲಿ ನಿಂತು ಜಗಳವಾಡಿದ್ದೇವೆ. ಒದ್ದೆ ಟವೆಲನ್ನು ಒಣ ಬಟ್ಟೆಯ ಜೊತೆ ಕಟ್ಟಿ ತಂದೆ ಎಂದು ನಾನು, ಕಟ್ಟಿದವನು ನಾನಲ್ಲ ಹೊತ್ತವನು ನಾನು ಎಂದು ಅವನು. ಬೈಸಿಕೊಳ್ಳುವಾಗ ಅವನು ನೆಲ ನೋಡುವುದಿಲ್ಲ. ನನ್ನ ಮುಖವನ್ನೇ ನೋಡುತ್ತಾನೆ, ಒಂದು ಹುಬ್ಬು ಸ್ವಲ್ಪ ಮೇಲೆತ್ತಿ, ರೇಡಿಯೋದಲ್ಲಿ ತನಗಿಷ್ಟವಾದ ಹಾಡು ಬಂತು ಎನ್ನುವವನ ಹಾಗೆ. ಆ ನೋಟಕ್ಕೆ ನನ್ನ ಬೈಗುಳ ಅರ್ಧದಲ್ಲೇ ದಾರಿ ತಪ್ಪುತ್ತಿತ್ತು. ಅದಕ್ಕೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಅವನಿಗೆ ನಲವತ್ತೊಂಬತ್ತು. ಹೆಂಡತಿ ತೀರಿಕೊಂಡು ಒಂಬತ್ತು ವರ್ಷ. ನನಗೆ ನಲವತ್ನಾಲ್ಕು. ತಂಗಿಯನ್ನು ಓದಿಸಿ ಒಂದು ದಡ ಸೇರಿಸುವ ಹೊತ್ತಿಗೆ ನನ್ನ ಮದುವೆಯ ಮಾತನ್ನು ಎಲ್ಲರೂ ಮರೆತಿದ್ದರು, ನಾನೂ ಮರೆತಿದ್ದೆ. ಆ ಸೋಮವಾರ ಅವನು ವ್ಯಾನಿನ ಬಾಗಿಲು ಹಾಕುತ್ತ ಹೇಳಿದ.

"ದಿನಾ ಇಲ್ಲಿಗೆ ಬಂದು ಬೈಸಿಕೊಳ್ಳೋ ಬದಲು ಮನೆಗೇ ಹಾಕಿಸಿಕೊಂಡ್ರೆ ಹೇಗೆ ಅಂತ ಯೋಚನೆ ಮಾಡ್ತಿದ್ದೀನಿ."

ಹಾಲು ಪೇಪರ್ ಹಾಕಿಸಿಕೊಳ್ಳುವವನ ಹಾಗೆ. ನಾನು ಕೈಯಲ್ಲಿದ್ದ ದಿಂಬಿನ ಕವರಿನಿಂದ ಒಂದು ಬಾರಿಸಿದೆ. ಅದನ್ನು ಅವನು ಒಪ್ಪಿಗೆ ಎಂದುಕೊಂಡ. ಒಪ್ಪಿಗೆಯೇ ಆಗಿತ್ತು. ಎರಡು ವಾರ ಬಿಟ್ಟು ಬರುವ ಶುಕ್ರವಾರ ರಿಜಿಸ್ಟ್ರಾರ್ ಆಫೀಸಿನಲ್ಲಿ ಎಂದು ಗೊತ್ತುಮಾಡಿಕೊಂಡೆವು.

ಮಾರನೆಯ ದಿನ ಅವನು ಹೋಟೆಲುಗಳ ಜಾಹೀರಾತಿನ ಬಣ್ಣದ ಕಾಗದಗಳನ್ನು ತಂದ. ಊಟದ ಬಿಡುವಿನಲ್ಲಿ ಮಡಿಸುವ ಮೇಜಿನ ಮೇಲೆ ಹರಡಿಕೊಂಡು ಕೂತೆವು. ಎಲ್ಲದರಲ್ಲೂ ಅದೇ ನೀಲಿ ನೀರು, ಅದೇ ಬಾಗಿದ ತೆಂಗಿನ ಮರ, ಅದೇ ಬೆನ್ನು ತೋರಿಸಿ ಕೂತ ಗಂಡಹೆಂಡಿರು. ಅವನಿಗೆ ಈ ಹೋಟೆಲುಗಳು ಹಿಂಬದಿಯಿಂದ ಗೊತ್ತು, ನನಗೆ ಅವುಗಳ ಕೊಳೆಯಿಂದ ಗೊತ್ತು. ದೊಡ್ಡ ಈಜುಕೊಳದ ಹೋಟೆಲು ಬೇಡ ಎಂದೆ, ಅಲ್ಲಿ ಶೀಟು ಮೂರು ದಿನಕ್ಕೊಮ್ಮೆ ಬದಲಿಸುತ್ತಾರೆ. ಹಸಿರು ಅಂಚಿನ ಟವೆಲಿನ ಹೋಟೆಲಿನಲ್ಲಿ ಸಿಗರೇಟು ಸುಟ್ಟ ತೂತು. ದ್ವೀಪದ ಹೋಟೆಲು ಅವನಿಗೇ ಬೇಡವಾಯಿತು, ದೋಣಿ ಹತ್ತಿದರೆ ತನಗೆ ವಾಂತಿ ಬರುತ್ತದೆ ಎಂದು ನಾಚಿಕೊಂಡು ಒಪ್ಪಿಕೊಂಡ. ಗುಡ್ಡದ ಮೇಲಿನದರ ಶೀಟುಗಳಲ್ಲಿ ಕಣ್ಣಿನ ಕಾಡಿಗೆ ಇಳಿದ ಕಲೆ ಜಾಸ್ತಿ. ಅಲ್ಲಿಗೆ ಬರುವ ಹೆಂಗಸರು ಯಾಕೋ ಬಹಳ ಅಳುತ್ತಾರೆ.

ಉಳಿದದ್ದು ಒಂದು. ದಂಡೆಯ ಕೊನೆಯಲ್ಲಿ, ಹತ್ತೇ ಕೋಣೆಯ ಸಣ್ಣ ಹೋಟೆಲು. ಅದರ ಮೂಟೆ ಬಿಚ್ಚಿದರೆ ಕಲೆ ಇರುವುದಿಲ್ಲ, ಹರುಕು ಇರುವುದಿಲ್ಲ. ಬರೀ ಮರಳು. ಕೊಡವಿದರೆ ನನ್ನ ಪಾದದ ಮೇಲೆ ಸಣ್ಣಗೆ ಸುರಿಯುತ್ತದೆ. ಎಷ್ಟೋ ಸಲ ಆ ಮರಳನ್ನು ಬೆರಳಲ್ಲಿ ಉಜ್ಜಿ ನೋಡಿದ್ದೇನೆ. ಅಲ್ಲಿಗೆ ಹೋದವರು ದಂಡೆಯಲ್ಲಿ ಬಿದ್ದುಕೊಳ್ಳುತ್ತಾರೆ, ಹಾಗೆಯೇ ಎದ್ದು ಬಂದು ಮಲಗುತ್ತಾರೆ, ಬೇರೆ ಯಾವ ತಾಪತ್ರಯವೂ ಅವರಿಗಿಲ್ಲ ಎಂದು ನನ್ನ ಲೆಕ್ಕ. ಇದನ್ನು ಯಾರಿಗೂ ಹೇಳಿರಲಿಲ್ಲ. ಅಂದು ಅವನಿಗೆ ಹೇಳಿದೆ. ಅವನು ಆ ಕಾಗದವನ್ನು ಮಡಿಸಿ ಅಂಗಿಯ ಜೇಬಿಗೆ ಇಟ್ಟುಕೊಂಡು, ಭಾನುವಾರ ಹೋಗಿ ಕೋಣೆ ನೋಡಿಕೊಂಡೇ ಬರೋಣ ಎಂದ.

ಭಾನುವಾರ ನಾನು ಹೊಸ ಬಟ್ಟೆ ಹಾಕಿಕೊಂಡೆ. ಕನ್ನಡಿ ಮುಂದೆ ನಾನು ಅಷ್ಟು ಹೊತ್ತು ನಿಂತದ್ದನ್ನು ತಂಗಿ ಹುಟ್ಟಿದಾಗಿನಿಂದ ನೋಡಿರಲಿಲ್ಲವಂತೆ. ವ್ಯಾನಿನಲ್ಲಿ ಅವನು ಕನ್ನಡಿಯನ್ನು ರಸ್ತೆಯ ಕಡೆಗಿಂತ ನನ್ನ ಕಡೆಗೇ ಹೆಚ್ಚು ತಿರುಗಿಸಿದ್ದ. ಹಿಂದಿನ ಲಾರಿ ಕಾಣುತ್ತದೆಯಾ ಎಂದು ಕೇಳಿದೆ. ಇಲ್ಲ, ಆದರೆ ಕಿವಿಯೋಲೆ ಕಾಣುತ್ತದೆ ಎಂದ. ನನಗೆ ನಗು ಬಂತು. ಅವತ್ತು ಬಂದ ಕೊನೆಯ ನಗು ಅದು.

ಅವನು ವ್ಯಾನನ್ನು ಸೀದಾ ಹೋಟೆಲಿನ ಹಿಂದಿನ ಗೇಟಿಗೆ ತಿರುಗಿಸಿದ. ಹತ್ತೊಂಬತ್ತು ವರ್ಷದ ಅಭ್ಯಾಸ ಎಂದುಕೊಂಡೆ. ರಿವರ್ಸ್ ತೆಗೆದು ಮೂಟೆ ಬಾಗಿಲಿಗೆ ಸರಿಯಾಗಿ ನಿಲ್ಲಿಸಿದ. ಅದನ್ನೂ ನುಂಗಿಕೊಂಡೆ. ವಾಚ್‌ಮನ್ ಬಂದು ಭಾನುವಾರ ಏನು ಬಂದಿರಿ ಎಂದು ಕೇಳಿ, ನನ್ನನ್ನು ಮೇಲಿಂದ ಕೆಳಗೆ ನೋಡಿದ. ಇವರು ಯಾರು ಎಂದ.

ಅವನು ನನ್ನ ಕಡೆ ತಿರುಗಲಿಲ್ಲ.

"ಲಾಂಡ್ರಿಯವರು. ಟವೆಲ್ ಕಂಪ್ಲೇಂಟ್ ಇತ್ತಲ್ಲ, ನೋಡೋಕೆ ಬಂದಿದ್ದಾರೆ."

ಲಾಂಡ್ರಿಯವರು. ಹೌದು, ಲಾಂಡ್ರಿಯವಳೇ. ಇಪ್ಪತ್ತೆರಡು ವರ್ಷದಿಂದ ತಲೆ ಎತ್ತಿಕೊಂಡು ಲಾಂಡ್ರಿಯವಳು. ಆದರೆ ಅವತ್ತು ನಾನು ಅಲ್ಲಿಗೆ ಲಾಂಡ್ರಿಯವಳಾಗಿ ಬಂದಿರಲಿಲ್ಲ.

ವಾಚ್‌ಮನ್ ಒಳಗೆ ಸುದ್ದಿ ಮುಟ್ಟಿಸಿದ. ಕೋಣೆಗಳ ಉಸ್ತುವಾರಿಯ ಹೆಂಗಸು ಕೀಲಿಗೊಂಚಲು ಆಡಿಸುತ್ತ ಬಂದು, ಅಂತೂ ಯಾರೋ ಬಂದಿರಲ್ಲ ಎಂದು ನಮ್ಮನ್ನು ಬಟ್ಟೆ ಇಡುವ ಕೋಣೆಗೆ ಕರೆದುಕೊಂಡು ಹೋದಳು. ಕಿಟಕಿಯಿಲ್ಲದ ಕೋಣೆ. ಸಮುದ್ರದ ಸದ್ದು ಗೋಡೆಯಾಚೆ ಕೇಳುತ್ತಿತ್ತು. ಹೊಸ ಬಟ್ಟೆ ಹಾಕಿಕೊಂಡು ನಾನು ಅರ್ಧ ಗಂಟೆ ಟವೆಲು ನೋಡಿದೆ. ಹನ್ನೊಂದು ಟವೆಲು. ಕಂದು ಕಲೆ ತುಕ್ಕಿನದು, ನಿಮ್ಮ ತಂತಿ ಬುಟ್ಟಿಯಿಂದ ಆಗಿದ್ದು, ನಮ್ಮ ಮೆಷಿನ್ನಿನದಲ್ಲ ಎಂದು ಸರಿಯಾಗಿ ಉತ್ತರವನ್ನೂ ಕೊಟ್ಟೆ. ಅಷ್ಟು ಹೊತ್ತೂ ಅವನು ಬಾಗಿಲ ಬಳಿ ಕೈಕಟ್ಟಿ ನಿಂತಿದ್ದ. ಅವನ ಒಂದು ಮಾತು ಸಾಕಿತ್ತು.

ಹೊರಗೆ ಬಂದವಳು ವ್ಯಾನ್ ಹತ್ತಲಿಲ್ಲ. ಬಸ್ ನಿಲ್ದಾಣದವರೆಗೆ ಬಿಸಿಲಲ್ಲಿ ನಡೆದೆ. ಅವನು ವ್ಯಾನನ್ನು ಪಕ್ಕದಲ್ಲೇ ನಿಧಾನ ಓಡಿಸುತ್ತ ಹತ್ತು ಹತ್ತು ಎನ್ನುತ್ತಿದ್ದ. ನಾನು ಆ ಕಡೆ ನೋಡಲಿಲ್ಲ.

ತಂಗಿ ಕಾಯುತ್ತಿದ್ದಳು. ನಡೆದದ್ದನ್ನು ಹೇಳಿದೆ. ಅವಳು ಕೇಳಿದ ಮೊದಲ ಪ್ರಶ್ನೆ, "ಅಕ್ಕ, ಭಾವನಿಗೆ ಬೈದ್ಯಾ?"

"ಇಲ್ಲ."

"ಬೈದೇ ಇಲ್ವಾ?" ಅವಳು ಕುರ್ಚಿ ಎಳೆದುಕೊಂಡು ಕೂತಳು. "ಹಾಗಾದ್ರೆ ಕಥೆ ಮುಗೀತು."

ಮುಗಿದಂತೆಯೇ ಇತ್ತು. ಇಡೀ ವಾರ ನಾನು ಅವನಿಗೆ ಬೈಯಲಿಲ್ಲ. ಒದ್ದೆ ಟವೆಲು ಒಣ ಬಟ್ಟೆ ಒಟ್ಟಿಗೇ ಬಂದವು, ಬಾಯಿ ಮುಚ್ಚಿಕೊಂಡು ಬೇರೆ ಮಾಡಿದೆ. ಅವನು ಮೂಟೆ ಇಳಿಸಿ, ಬಾಗಿಲಲ್ಲಿ ಒಂದಿಷ್ಟು ಹೊತ್ತು ನಿಂತು, ಹೋಗುತ್ತಿದ್ದ. ಬುಧವಾರ ಬೇಕೆಂದೇ ಒಂದು ಮೂಟೆಯನ್ನು ಒದ್ದೆ ನೆಲದ ಮೇಲೆ ಇಟ್ಟ. ನಾನು ಎತ್ತಿ ಪಕ್ಕಕ್ಕಿಟ್ಟೆ, ಅಷ್ಟೇ. ಮಡಿಸುವ ಹೆಂಗಸರು ಪಿಸುಗುಡುವುದನ್ನೂ ನಿಲ್ಲಿಸಿದರು. ರಾತ್ರಿ ಊಟ ಸೇರುತ್ತಿರಲಿಲ್ಲ. ಅವನ ಮೇಲಿನ ಸಿಟ್ಟು ಒಂದು ಪಾಲಾದರೆ, ಆ ಹುಬ್ಬು ಮೇಲೇಳುವುದನ್ನು ನೋಡಬೇಕು ಎನಿಸುವ ನನ್ನ ಮೇಲಿನ ಸಿಟ್ಟು ಎರಡು ಪಾಲು.

ಸೋಮವಾರ ಬಂತು. ಮದುವೆಗೆ ನಾಲ್ಕು ದಿನ. ಅವನು ಮೂಟೆ ಇಳಿಸಲಿಲ್ಲ. ಸೀದಾ ನನ್ನ ಮೇಜಿನ ಮುಂದೆ ನಿಂತು, ಅವತ್ತು ಬಾಯಿ ತಪ್ಪಿತು ಎಂದ.

"ಬಾಯಿ ತಪ್ಪಿದ್ರೆ ಒಂದು ಮಾತು ತಪ್ಪುತ್ತೆ. ನೀನು ಅರ್ಧ ಗಂಟೆ ಸುಮ್ಮನೆ ನಿಂತಿದ್ದೆ."

ಅವನು ಕೈಯಲ್ಲಿದ್ದ ವ್ಯಾನಿನ ಕೀಲಿಯನ್ನು ತಿರುವಿದ, ಮತ್ತೆ ತಿರುವಿದ. ಆಮೇಲೆ ಹೇಳಿದ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಮ್ಮೆ ಸಮುದ್ರ ನೋಡೋಣ ಎಂದು ಆ ಹೋಟೆಲಿನ ಮುಂದಿನ ಕಡೆಗೆ ಹೋಗಿದ್ದನಂತೆ. ಯಾರೋ ಬಂದು ಭುಜ ಹಿಡಿದು ತಿರುಗಿಸಿ, ಮೂಟೆಯವರಿಗೆ ಹಿಂದಿನ ದಾರಿ ಎಂದರಂತೆ. ಉಯ್ಯಾಲೆಯ ಮೇಲೆ ಕೂತಿದ್ದ ಗಂಡಹೆಂಡಿರು ನೋಡಿ ನಕ್ಕರಂತೆ. ಆಮೇಲೆ ಒಂದು ದಿನವೂ ಆ ಕಡೆ ಕಾಲಿಟ್ಟಿಲ್ಲ.

"ನಮಗೆ ರೂಮ್ ಬೇಕು ಅಂತ ನಾನು ಕೇಳಿ, ಅವರು ನಿನ್ನ ಎದುರಿಗೇ ನಕ್ಕುಬಿಟ್ರೆ ಅಂತ ಹೆದರಿಕೆ ಆಯ್ತು. ನಿನ್ನ ಕಣ್ಣಲ್ಲಿ ನಾನು ಸಣ್ಣವನಾಗಿಬಿಡ್ತೀನಿ ಅಂತ."

ನನ್ನ ಸಿಟ್ಟು ಇಳಿಯಬೇಕಿತ್ತು. ಇನ್ನೂ ಏರಿತು. ಹತ್ತೊಂಬತ್ತು ವರ್ಷ ಒಂದು ಗೇಟಿಗೆ ಹೆದರಿಕೊಂಡು ಬದುಕಿದ್ದಾನೆ, ನಾಲ್ಕು ವರ್ಷದಿಂದ ದಿನಾ ಕಾಣುವ ನನಗೆ ಒಂದು ಮಾತು ಹೇಳಿಲ್ಲ.

"ನಿನಗಾಗೋ ಅವಮಾನ ತಪ್ಪಿಸಿಕೊಳ್ಳೋಕೆ ಅದನ್ನ ತಂದು ನನ್ನ ತಲೆ ಮೇಲೆ ಇಳಿಸಿದೆ," ಎಂದೆ. "ನಾನು ಯಾರು ಅಂತ ಒಬ್ಬ ವಾಚ್‌ಮನ್ ಹತ್ತಿರ ಹೇಳೋಕಾಗದವನು, ಶುಕ್ರವಾರ ರಿಜಿಸ್ಟ್ರಾರ್ ಹತ್ತಿರ ಏನು ಹೇಳ್ತೀಯ? ಟವೆಲ್ ಕಂಪ್ಲೇಂಟ್ ಅಂತಲಾ?"

ಹೊರಟುಹೋಗುತ್ತಾನೆ ಎಂದುಕೊಂಡೆ. ಅವನು ಜೇಬಿನಿಂದ ಫೋನ್ ತೆಗೆದ. ನಿಂತಲ್ಲಿಂದ ಒಂದು ಹೆಜ್ಜೆಯೂ ಪಕ್ಕಕ್ಕೆ ಸರಿಯದೆ ನಂಬರು ಒತ್ತಿದ. ಹಿಂದೆ ಬಟ್ಟೆ ಒಣಗಿಸುವ ಮೂರು ಮೆಷಿನ್ನು ಗುಡುಗುಡು ಎನ್ನುತ್ತಿದ್ದವು. ಆ ಸದ್ದಿನಲ್ಲಿ ಕೂಗದೆ ವಿಧಿಯಿರಲಿಲ್ಲ.

"ರೂಮ್ ಬೇಕಿತ್ತು. ನಾಲ್ಕು ದಿನಕ್ಕೆ. ನಾನಾ? ನಿಮ್ಮ ಲಾಂಡ್ರಿ ವ್ಯಾನ್ ಡ್ರೈವರ್. ಹೌದು, ಅದೇ. ಇಲ್ಲ ಇಲ್ಲ, ಮೂಟೆ ವಿಷಯ ಅಲ್ಲ. ರೂಮೇ ಬೇಕು."

ಮಡಿಸುವ ಮೇಜಿನಲ್ಲಿ ಕೈಗಳು ನಿಂತವು.

"ಇಬ್ಬರಿಗೆ. ನನಗೆ, ನನ್ನ ಹೆಂಡತಿಗೆ. ನಿನ್ನೆ ಅಲ್ಲ, ಅದರ ಹಿಂದಿನ ಭಾನುವಾರ ಟವೆಲ್ ನೋಡೋಕೆ ಅಂತ ಬಂದಿದ್ರಲ್ಲ, ಅವರೇ. ಟವೆಲ್ ನೋಡೋಕೆ ಅಂತ ನಾನು ಹೇಳಿದ್ದು ಸುಳ್ಳು. ರೂಮ್ ನೋಡೋಕೆ ಬಂದಿದ್ರು." ಅವನ ಕತ್ತಿನ ನರ ಉಬ್ಬಿತ್ತು. "ಏನು? ಇಲ್ಲ, ಮದುವೆ ಇನ್ನೂ ಆಗಿಲ್ಲ. ಶುಕ್ರವಾರ. ಅವಳು ಒಪ್ಪಿದ್ರೆ."

ಆ ಕಡೆಯವರು ಏನೋ ಹೇಳಿದರು. ಅವನು ಫೋನನ್ನು ಎದೆಗೆ ಒತ್ತಿಕೊಂಡು ನನ್ನನ್ನು ನೋಡಿದ. ಹುಬ್ಬು ಮೇಲೆದ್ದಿರಲಿಲ್ಲ. ಹಾಡು ಕೇಳುವ ಮುಖವೂ ಅಲ್ಲ. ಭುಜದ ಮೇಲೆ ಯಾರದೋ ಕೈ ಬೀಳುವುದನ್ನು ಕಾಯುತ್ತಿರುವ ಮುಖ.

"ಬುಕ್ ಮಾಡೋದಾ ಬೇಡ್ವಾ ಅಂತ ಕೇಳ್ತಿದ್ದಾರೆ," ಎಂದ.

ಅವನ ಕೈಯಿಂದ ಫೋನ್ ಕಿತ್ತುಕೊಂಡೆ. ಆ ಕಡೆ ಒಬ್ಬ ಹೆಣ್ಣುಮಗಳು, ದಿನವಿಡೀ ಇದೇ ಮಾತಾಡಿ ದಣಿದ ದನಿ. ನಗುತ್ತಿರಲಿಲ್ಲ. ರೂಮು ತೋಟದ ಕಡೆಗೋ ಸಮುದ್ರದ ಕಡೆಗೋ ಎಂದು ಕೇಳಿದಳು. ಅವಳಿಗೆ ಅಷ್ಟೇ ಬೇಕಿತ್ತು. ಸಮುದ್ರದ ಕಡೆಗೆ ಎಂದೆ. ಬರುವುದು ಯಾವಾಗ ಎಂದಳು.

"ಶನಿವಾರ," ಎಂದೆ. "ಶುಕ್ರವಾರ ಮದುವೆ ಇದೆ."

ಫೋನ್ ತಿರುಗಿ ಕೊಟ್ಟೆ. ಮಡಿಸುವ ಹೆಂಗಸರಲ್ಲಿ ಯಾರೋ ಮೂಗು ಎಳೆದುಕೊಂಡದ್ದು ಆ ಸದ್ದಿನಲ್ಲೂ ಕೇಳಿಸಿತು. ಸಿಟ್ಟು ಹೋಯಿತಾ ಎಂದು ಅವನು ಮೆಲ್ಲಗೆ ಕೇಳಿದ. ಇಲ್ಲ ಎಂದೆ. ಒಂದು ವಾರದ್ದು ಬಾಕಿ ಇದೆ, ನಾಲ್ಕು ದಿನ ಕೂರಿಸಿಕೊಂಡು ಬೈಯುತ್ತೇನೆ, ಸಮುದ್ರ ನೋಡುತ್ತ ಬೈಸಿಕೊ ಎಂದೆ.

ಅವನು ನಗಲು ಹೋದ. ಕಣ್ಣಲ್ಲಿ ನೀರು ಬಂದುಬಿಟ್ಟಿತು. ಅಷ್ಟು ಎತ್ತರದ ಗಂಡಸು, ಮೂಟೆಗಳ ನಡುವೆ ನಿಂತು ಮಗುವಿನ ಹಾಗೆ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ನಾನು ಹತ್ತಿರ ಹೋಗಿ ಆ ತೋಳನ್ನು ಹಿಡಿದು ಕೆಳಗಿಳಿಸಿದೆ. ಕೈ ಬಿಡಲಿಲ್ಲ.

"ಅಳಬೇಡ ಮಾರಾಯ, ಎಲ್ಲರೂ ನೋಡ್ತಿದ್ದಾರೆ."

"ನೋಡಲಿ," ಎಂದ.