ಕಲಿಯಲೊಲ್ಲದ ನೀಲಾ

ಆಷಾಢ ಮುಗಿಯುತ್ತ ಬಂದಿತ್ತು. ಗಾಳಿ ಜೋರು, ಮಳೆ ಕಡಿಮೆ. ಮುಂಜಾನೆಯ ಬಿಸಿಲು ಇನ್ನೂ ಮಸೀದಿಯ ಮಿನಾರಿನಿಂದ ಕೆಳಗೆ ಇಳಿದಿರಲಿಲ್ಲ. ಅಷ್ಟರೊಳಗೆ ಸವಣೂರಿನ ಎಲೆಪೇಟೆಯ ಹಿಂದಿನ ಮಾಳಿಗೆ ಮನೆಯ ಮುಂದೆ ಪಾಳಿ ಹಚ್ಚಿ ಜನ ನಿಂತುಬಿಟ್ಟಿದ್ದರು.

ತಿಪಟೂರಿನಲ್ಲಿದ್ದ ಒಂದು ರೇಡಿಯೋ ಕೇಂದ್ರ ಅಲ್ಲಿ ಬಾಗಿಲು ಮುಚ್ಚಿ, ಗಂಟುಮೂಟೆ ಕಟ್ಟಿಕೊಂಡು ನಮ್ಮೂರಿಗೆ ಬಂದಿತ್ತು. 'ಕಿವಿಮಾತು' ಅಂತ ಅದರ ಹೆಸರು. ಮಾತಾಡುವವರು, ಯಂತ್ರ ನಡೆಸುವವರು ಈ ಸೀಮೆಯವರೇ ಆಗಬೇಕು ಅಂತ ಸಾರಿದ್ದರು. ಹಾನಗಲ್ಲು, ಶಿಗ್ಗಾವಿ, ಹಿರೇಕೆರೂರಿನಿಂದ ಮೊದಲ ಬಸ್ಸು ಹಿಡಿದು ಹುಡುಗ ಹುಡುಗಿಯರು ಬಂದಿದ್ದರು.

ನೀಲಾಗೆ ಬಸ್ಸು ಬೇಕಿರಲಿಲ್ಲ. ಅವಳ ಅವ್ವ ಮಾದೇವಿ ಅದೇ ಪೇಟೆಯಲ್ಲಿ ಆಸೀಮ ಕಾಕಾನ ಅಂಗಳದಲ್ಲಿ ಕೂತು ವೀಳ್ಯದೆಲೆ ಕಟ್ಟುವವಳು. ಎಲೆ ಕಟ್ಟಿ ಕಟ್ಟಿ ಅವ್ವನ ಬೆರಳು ಕಪ್ಪಿಟ್ಟಿದ್ದವು.

'ಈ ಕೆಲಸ ಒಂದು ಸಿಗಲಿ ದೇವರೇ...'

"ಒಳಗ ಹೋದವ್ರು ಯಾರೂ ನಕ್ಕೋತ ಹೊರಗ ಬರವೊಲ್ರಲ್ಲ ಬೇ..." ಅಂದಳು ನೀಲಾ, ಬಾಗಿಲಲ್ಲಿ ಕಸ ಹೊಡೆಯುತ್ತಿದ್ದ ಉಡಚವ್ವನಿಗೆ.

"ಹಲ್ಲು ಕೀಳೋ ಡಾಕ್ಟರ್ ಏನಲ್ಲ, ಹೆದರಬ್ಯಾಡ. ತಗಿ ಅಂದಾಗ ಬಾಯಿ ತಗಿ, ಮುಚ್ಚು ಅಂದಾಗ ಮುಚ್ಚು!"

ಒಳಗೆ ಗೋಡೆಗೆಲ್ಲ ಗಾದಿ ಬಡಿದ ಸಣ್ಣ ಖೋಲಿ. ನಡುವೆ ದಪ್ಪ ಗಾಜು. ಗಾಜಿನ ಆಚೆ ಒಬ್ಬ ಹುಡುಗ. ಅವನ ತುಟಿ ಆಡುತ್ತಿದ್ದವು. ದನಿಯೇ ಇಲ್ಲ!

ನೀಲಾ ಕಣ್ಣು ಬಿಟ್ಟು ನೋಡಿದಳು. ಅವನು ತನ್ನ ಕಿವಿ ಮುಟ್ಟಿ ತೋರಿಸಿದ. ಮತ್ತೆ ತೋರಿಸಿದ. ತಲೆ ಅಲ್ಲಾಡಿಸಿದ.

'ಕಿವುಡಿ ಅಂತಾನೇನು ನನಗ?'

ಹೆದರಿಕೆ ಸಿಟ್ಟಾಗಿ ತಿರುಗಿತು. "ಯಾರಿಗ್ರಿ ಕಿವುಡಿ ಅನ್ನೋದು? ನಿಮ್ಮ ಬಾಯಾಗ ದನಿನ ಇಲ್ಲ, ನನ್ನ ಕಿವಿಗೇನಾಗೈತಿ? ಬಾವ್ಯಾಗಿನ ಕಪ್ಪಿ ಆದ್ರೂ ಒದರತೈತಿ, ನಿಮಗ ಅಷ್ಟೂ ಆಗಂಗಿಲ್ಲೇನು?"

ಹೊರಗೆ ಪಾಳಿಯಲ್ಲಿದ್ದವರೆಲ್ಲ ಹೋ ಎಂದು ನಕ್ಕರು. ಅವಳ ಮುಂದಿದ್ದ ಮೈಕು ಚಾಲೂ ಇತ್ತು. ಅವಳ ಮಾತೆಲ್ಲ ಹೊರಗಿನ ಸ್ಪೀಕರ್ ಡಬ್ಬಿಯಲ್ಲಿ ಕೇಳಿಸಿತ್ತು!

ಹುಡುಗ ಬಾಗಿಲು ತೆಗೆದು ಬಂದ. ಮೇಜಿನ ಮೇಲಿದ್ದ ಹೆಡ್‌ಫೋನ್ ಎತ್ತಿ ಅವಳ ಕೈಗಿಟ್ಟ.

"ಇದನ್ನ ಕಿವಿಗೆ ಹಾಕ್ಕೊಳ್ಳಿ ಅಂತ ಹೇಳ್ತಿದ್ದೆ..."

ನೀಲಾಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. 'ಹೋತು... ಕೆಲಸಾ ಹೋತು!'

"ನಿಮ್ಮ ಹೆಸರು?"

"ನೀಲಾ... ರೀ."

"ಬೆಳಿಗ್ಗೆಯಿಂದ ಎಲ್ಲರೂ ನಮಸ್ಕಾರಾನ ಬಾಯಿಪಾಠ ಒಪ್ಪಿಸಿದ್ರು. ಜಗಳ ಆಡಿದ್ದು ನೀವೊಬ್ರೇ." ಅವನು ನಗು ತಡೆದುಕೊಂಡ. "ನಾನು ಪ್ರಶಾಂತ. ಸೋಮವಾರದಿಂದ ಬನ್ನಿ."

---

ಪ್ರಶಾಂತನಿಗೆ ಸಿಟ್ಟೇ ಬರುತ್ತಿರಲಿಲ್ಲ. ಯಾವ ಗುಂಡಿ ಒತ್ತಬೇಕು, ಯಾವ ಕಡ್ಡಿ ಮೇಲೆ ಸರಿಸಬೇಕು ಅಂತ ಪೆನ್ಸಿಲಿನ ತುದಿಯಿಂದ ತೋರಿಸುತ್ತಿದ್ದ. ಕೈಗೆ ಕೈ ತಾಗದಂತೆ ದೂರ ಕೂಡುತ್ತಿದ್ದ.

ಒಂದು ದಿನ ಹೆಡ್‌ಫೋನಿನಲ್ಲಿ ಅವನ ದನಿ ಬಂತು. "ನೀಲಾ, ಉಸಿರು ಬಿಗಿಹಿಡೀಬೇಡಿ. ನನಗೆ ಇಲ್ಲಿ ಕೇಳುತ್ತೆ."

'ಉಸಿರೂ ಕೇಳತೈತಾ? ಹಂಗಾದ್ರ ಈ ಎದಿ ಬಡಕೊಳ್ಳೋದು...?'

ಅವಳು ತಟ್ಟನೆ ಮೈಕಿನಿಂದ ಹಿಂದೆ ಸರಿದಳು!

ಶ್ರಾವಣ ಅರ್ಧ ಕಳೆಯುವ ಹೊತ್ತಿಗೆ ನೀಲಾ ಎಲ್ಲ ಕಲಿತುಬಿಟ್ಟಿದ್ದಳು. ಆಗಲೇ ಒಂದು ಮಧ್ಯಾಹ್ನ ಉಡಚವ್ವ ಚಹಾ ತಂದಿಟ್ಟು ಮೆಲ್ಲಗೆ ಹೇಳಿದಳು.

"ಚಲೋ ಕಲ್ತಿ ಬಿಡವಾ. ಇನ್ನ ಆ ತಿಪಟೂರ ಹುಡುಗಗ ರಜಾ."

"ಯಾಕ ರಜಾ?"

"ಮ್ಯಾನೇಜರ್ ಫೋನಿನ್ಯಾಗ ಅನ್ನಾಕತ್ತಿದ್ರು. ಹಳೇ ಮಂದಿಯೊಳಗ ಇವನೊಬ್ಬನ ಉಳದಾನ. ಇಲ್ಲಿ ಹುಡುಗಿ ಒಬ್ಬಾಕಿನ ಕುಂತು ನಡಸ್ತಾಳ ಅಂದ ದಿನ ಇವನ್ನ ಬಿಡಿಸಿ ಕಳಸ್ತಾರಂತ."

ನೀಲಾ ಚಹಾದ ಲೋಟ ಕೆಳಗಿಟ್ಟಳು. "ಅವ್ರಿಗೆ ಗೊತ್ತೈತೇನು?"

"ಗೊತ್ತಿದ್ದ ಕಲಸಾಕತ್ತಾನ, ಹುಚ್ಚ!"

ಆ ಚಹಾ ಲೋಟದಲ್ಲೇ ಆರಿತು. ನಾನು ಕಲಿತದ್ದೇ ಅವರ ಅನ್ನಕ್ಕೆ ಕಲ್ಲಾಯಿತೇ? ಇನ್ನು ಆ ಗಾಜಿನ ಆಚೆ ಯಾರೂ ಇರುವುದಿಲ್ಲವೇ?

ಮರುದಿನದಿಂದ ನೀಲಾ ತಪ್ಪು ಮಾಡತೊಡಗಿದಳು.

ಹಾಡು ಹಾಕು ಅಂದರೆ ಮೈಕು ತೆರೆದಳು. ಮೈಕು ತೆರೆ ಅಂದರೆ ಹಾಡು ಹಾಕಿದಳು. ಓದುವಾಗ ಹಿರೇಕೆರೂರಿನ ಸಂತೆಯನ್ನು ಹಾನಗಲ್ಲಿಗೆ ಒಯ್ದು ಕೂಡಿಸಿದಳು! ಎಲ್ಲ ಬರೀ ತಾಲೀಮು, ಹೊರಗೆ ಯಾರಿಗೂ ಕೇಳುವುದಲ್ಲ, ಯಾರಿಗೇನು ನಷ್ಟ ಅಂದುಕೊಂಡಳು.

"ನೀಲಾ, ಏನಾಗಿದೆ? ಮನೇಲಿ ತೊಂದ್ರೆನಾ?"

"ಏನಿಲ್ರಿ."

"ಈ ಕೆಲಸ ಇಷ್ಟ ಇಲ್ವಾ ನಿಮಗೆ?"

ಅವಳು ನೆಲ ನೋಡಿದಳು. "ತಲಿಗೆ ಹತ್ತವೊಲ್ದುರಿ..."

ಅವನ ಮುಖ ಬಾಡಿತು. ಇವಳಿಗೆ ಮನಸ್ಸಿಲ್ಲ, ನಾನೇ ಬಲವಂತ ಮಾಡಿ ಕೂಡಿಸಿದೆ ಅಂತ ಅವನು ತಿಳಿದ. ಅವನ ಮುಖ ಬಾಡಿದ್ದು ಕಂಡು, ನಾನು ದಡ್ಡಿ ಅಂತ ಬೇಸರಪಟ್ಟರು ಎಂದು ಇವಳು ತಿಳಿದಳು.

ಮ್ಯಾನೇಜರ್ ಬಿಡುವವರಲ್ಲ. "ಹಿರೇಕೆರೂರಿನ ಹುಡುಗಿಯೊಬ್ಬಳು ಕಾಯ್ತಾ ಇದ್ದಾಳೆ. ಈ ನೀಲಾನ ಕಳ್ಸು, ಅವಳನ್ನ ಕರಿ."

"ಸರ್, ಆ ಹುಡುಗಿಗೆ ಎಲ್ಲಾ ಬರುತ್ತೆ. ಏನೋ ಹೆದ್ರಿಕೊಂಡಿದ್ದಾಳೆ. ಇನ್ನೊಂದೇ ಅವಕಾಶ ಕೊಡಿ."

ಆ ಮಂಗಳವಾರ ಪ್ರಶಾಂತ ಒಂದು ನಿರ್ಧಾರ ಮಾಡಿದ. ಮೊದಲೇ ಹೇಳಿದರೆ ಹೆದರುತ್ತಾಳೆ ಎಂದು, ನೀಲಾಗೆ ತಿಳಿಸದೆಯೇ ಅವಳ ದನಿಯನ್ನು ರೇಡಿಯೋದಲ್ಲಿ ನೇರವಾಗಿ ಹೊರಗೆ ಬಿಟ್ಟ. ಹೊಸ ಖೋಲಿಯಲ್ಲಿ ನೇರ ಪ್ರಸಾರ ಅಂತ ತಿಳಿಸುವ ಕೆಂಪು ದೀಪ ಇನ್ನೂ ಕೂಡಿಸಿರಲಿಲ್ಲ. ಅವಳಿಗೆ ಅದೂ ತಾಲೀಮೇ!

ಓದಬೇಕಾದದ್ದು ಇಷ್ಟೆ. ಯಲವಿಗಿ ಸ್ಟೇಷನ್ನಿನಿಂದ ಎಲೆ ಬುಟ್ಟಿ ಒಯ್ಯುವ ರೈಲುಗಾಡಿ ಇವತ್ತೊಂದು ದಿನ ಬೇಗ, ಮೂರೂವರೆಗೆ ಬರುತ್ತದೆ.

ನೀಲಾ ಓದಿದಳು. "...ಇವತ್ತೊಂದು ದಿನ ತಡಾ ಆಗಿ, ಐದೂವರೆಗೆ ಬರತೈತಿ."

ತಲೆ ಎತ್ತಿದಳು. ಗಾಜಿನ ಆಚೆ ಪ್ರಶಾಂತನ ಮುಖದಲ್ಲಿ ರಕ್ತವೇ ಇರಲಿಲ್ಲ.

ಅವನು ಎದ್ದುಬಿದ್ದು ಬಂದು ಮೈಕು ಹಿಡಿದು ಸರಿಯಾದ ಹೊತ್ತು ಹೇಳಿದ. ಅವನ ದನಿ ನಡುಗಿದ್ದು ಕೇಳಿದಾಗಲೇ ಅವಳಿಗೆ ತಿಳಿದದ್ದು.

"ಇದು... ಇದು ಹೊರಗ ಹೋತೇನ್ರಿ?"

ಹೋಗಿತ್ತು. ಆಸೀಮ ಕಾಕಾ ಮೊದಲಿನ ಮಾತು ಕೇಳಿ, ರೇಡಿಯೋ ಬಂದ್ ಮಾಡಿ, ನೆಮ್ಮದಿಯಿಂದ ನಮಾಜಿಗೆ ಎದ್ದು ಹೋಗಿದ್ದ. ಅವನಂತೆ ಇನ್ನೂ ಕೆಲವರು.

---

ಬುಧವಾರ ಮುಂಜಾನೆ ಆಸೀಮ ಕಾಕಾ ಕೇಂದ್ರದ ಬಾಗಿಲಿಗೇ ಬುಟ್ಟಿ ತಂದು ಇಳಿಸಿದ. ಕೆಟ್ಟ ಮನುಷ್ಯನಲ್ಲ. ಎಲೆ ಅಂದರೆ ಮಾತ್ರ ಅವನಿಗೆ ಜೀವ.

"ಕೈ ಹಾಕಿ ನೋಡ್ರಿ ಸಾಹೇಬ್ರ! ಒಳಗ ಹೆಂಗ ಕುದಿಯಾಕತ್ತಾವ ನೋಡ್ರಿ! ನಿಮ್ಮ ರೇಡಿಯೋ ನಂಬಿ ಕುಂತೆ, ಗಾಡಿ ಮೂತಿನೂ ಕಾಣಲಿಲ್ಲ!"

ಹಳದಿಯಾದ ಎಲೆಗಳಿಂದ ಬಿಸಿ ವಾಸನೆ ಏಳುತ್ತಿತ್ತು. ಕಾಕಾನ ಹಿಂದೆ ಬುಟ್ಟಿಗೆ ಕೈಹಚ್ಚಿ ಬಂದವಳು ಮಾದೇವಿ. ಆ ಎಲೆ ಕಟ್ಟಿದ್ದು ಅವಳ ಕೈಯೇ.

"ಯಾರು ಮಾಡಿದ್ದು ಇದನ್ನ?" ಮ್ಯಾನೇಜರ್ ಗುಡುಗಿದರು.

'ಹೇಳು... ಹೇಳು ನೀಲಾ...'

ಅವ್ವನ ಮುಖ ಕಂಡಿತು.

"ನಾನು ಸರ್," ಅಂದ ಪ್ರಶಾಂತ. "ನಾನೇ ತಪ್ಪು ಬರ್ಕೊಟ್ಟೆ. ಆ ಹುಡುಗಿ ಬರೆದದ್ದನ್ನ ಓದಿದಾಳೆ."

"ನಾಳೆ ಗಾಡಿಗೇ ಹೊರಡು ನೀನು!"

ಎಲ್ಲರೂ ಸರಿದ ಮೇಲೆ ನೀಲಾ ಅವನನ್ನು ಮೆಟ್ಟಿಲಲ್ಲಿ ತಡೆದಳು. "ಯಾಕ ಸುಳ್ಳು ಹೇಳಿದ್ರಿ?"

"ನಾನು ಹೇಗಿದ್ರೂ ಹೋಗೋನೇ. ನಿಮ್ಮ ಕೆಲಸಾನಾದ್ರೂ ಉಳೀಲಿ." ಅವನು ಅವಳತ್ತ ನೋಡಲಿಲ್ಲ. "ಇಷ್ಟ ಇಲ್ದಿದ್ರೆ ಮೊದಲೇ ಹೇಳಬಹುದಿತ್ತು ನೀಲಾ..."

ಇಷ್ಟ ಇಲ್ಲ ಅಂತ ಯಾರು ಹೇಳಿದರು? ಯಾರು ಹೇಳಿದರು? ಆ ಮಾತು ಅವಳ ಎದೆಯಲ್ಲೇ ಸುತ್ತಿತು. ಅವನು ಇಳಿದು ಹೋದ.

ಸಂಜೆ ದೀಪ ಹಚ್ಚುವ ಹೊತ್ತು. ಮಾದೇವಿ ರೊಟ್ಟಿ ಬಡಿಯುತ್ತ ಅಂದಳು, "ಆ ಹುಡುಗನ್ನ ನೋಡು. ತಪ್ಪು ಮಾಡಿದ್ರೂ ನಾನ ಅಂದ. ಹಂಗ ಯಾರಂತಾರ ಈಗ?"

ನೀಲಾಗೆ ಇನ್ನು ತಡೆಯಲಾಗಲಿಲ್ಲ. "ಅವ್ವಾ... ತಪ್ಪು ಅವ್ರದಲ್ಲ. ನಂದು. ಬೇಕಂತ ಓದೇನಿ."

ಬಡಿಯುವ ಕೈ ನಿಂತಿತು. "ಬೇಕಂತ? ನಾ ಕಟ್ಟಿದ ಎಲಿ...?"

"ಹೊರಗ ಹೋಗತೈತಿ ಅಂತ ಗೊತ್ತಿರಲಿಲ್ಲವಾ! ನಾ ಕಲತ್ರ ಅವ್ರನ್ನ ಕಳಸ್ತಾರ... ಅವ್ರು ಹೋಗಬಾರದಿತ್ತು ನನಗ!"

ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂತು. ಮಾದೇವಿ ಅದನ್ನು ತೆಗೆದಿಟ್ಟು, ಕೈ ಒರೆಸಿಕೊಂಡು ಎದ್ದಳು.

"ಚಪ್ಲಿ ಮೆಟ್ಟು. ಮೊದ್ಲ ಆಸೀಮಣ್ಣನ ಮನಿಗೆ."

ಆಸೀಮ ಕಾಕಾ ಎಲ್ಲ ಕೇಳಿದ. ಗಡ್ಡ ನೀವಿಕೊಂಡ.

"ಅಲ್ಲ ಬೇಟಿ... ಬುಟ್ಟಿಗಟ್ಲೆ ಎಲಿ ಕೊಳಸಿ ಒಬ್ಬ ಹುಡುಗನ್ನ ಹಿಡಿಯೋದೇನು? ಒಂದು ಎಲಿ ಅಡಕಿ ಪಟ್ಟಿ ಮಡಚಿ ಕೈಗೆ ಕೊಟ್ಟಿದ್ರ ಸಾಕಿತ್ತಲ್ಲ!"

ಒಳಗಿಂದ ಅವನ ಹೆಂಡತಿ ಗುಲ್ನಾರ ಕಿಸಕ್ಕನೆ ನಕ್ಕಳು. ನೀಲಾ ಅತ್ತುಬಿಟ್ಟಳು.

"ನಾ ತಮಾಷೆ ಮಾಡಿದೆ ಅಂತ ಮಾಫ್ ಆತು ಅನ್ಕೋಬ್ಯಾಡ," ಕಾಕಾನ ದನಿ ಗಟ್ಟಿಯಾಯಿತು. "ನನಗ ಹೇಳಿದ್ದು ಊರಿಗೂ ಹೇಳಬೇಕು. ಮಂದಿ ನಿನ್ನ ಮಾತು ನಂಬಿ ಕುಂತಿದ್ರು."

---

ಗುರುವಾರ ಮುಂಜಾನೆ ನೀಲಾ ಕೇಂದ್ರಕ್ಕೆ ಓಡಿದಳು. ಗಾಜಿನ ಆಚೆಯ ಕುರ್ಚಿ ಖಾಲಿ.

"ಯಲವಿಗಿಗೆ ಹೋಗ್ಯಾನ. ಗಾಡಿ ಮಧ್ಯಾಹ್ನಕ್ಕೈತಿ," ಅಂದಳು ಉಡಚವ್ವ. ಅವಳೂ ಅವತ್ತು ತಮಾಷೆ ಮಾಡಲಿಲ್ಲ.

ಮ್ಯಾನೇಜರ್ ಮುಂದೆ ನಿಂತು ನೀಲಾ ಇದ್ದದ್ದು ಇದ್ದ ಹಾಗೆ ಹೇಳಿದಳು. ಅವರ ಮುಖ ಕೆಂಪಾಯಿತು.

"ಇದನ್ನ ರೇಡಿಯೋದಲ್ಲಿ ಹೇಳಿದ ಮೇಲೆ ನಿನ್ನ ಕೆಲಸ ಉಳಿಯುತ್ತೆ ಅಂತ ನಾನು ಮಾತು ಕೊಡಲ್ಲ."

"ಬ್ಯಾಡ್ರಿ. ಹೇಳಾಕಷ್ಟ ಬಿಡ್ರಿ."

ತಾನೇ ಯಂತ್ರ ಚಾಲೂ ಮಾಡಿದಳು, ತಾನೇ ಹಾಡು ಇಳಿಸಿದಳು, ತಾನೇ ಮೈಕು ತೆರೆದಳು.

"ನಮಸ್ಕಾರ್ರಿ. ನಾ ನೀಲಾ, ಎಲಿ ಕಟ್ಟೋ ಮಾದೇವಿ ಮಗಳು. ಮೊನ್ನಿ ಗಾಡಿ ಟೈಮು ತಪ್ಪು ಹೇಳಿದಾಕಿ ನಾನು. ಬರದುಕೊಟ್ಟವ್ರು ಸರಿ ಬರದಿದ್ರು. ನಾನ ತಪ್ಪು ಓದಿದೆ. ಅವ್ರ ಮ್ಯಾಲ ಸಿಟ್ಟಾಗಬ್ಯಾಡ್ರಿ. ನಿಮ್ಮ ಎಲಿ ಕೆಟ್ಟದ್ದು ನನ್ನಿಂದ..."

ಮೈಕು ಮುಚ್ಚಿದಳು. ಹಾಡು ಏರಿಸಿದಳು. ಮ್ಯಾನೇಜರ್ ಗಾಜಿನ ಆಚೆ ನಿಂತು ನೋಡುತ್ತಲೇ ಇದ್ದರು.

"ಇಷ್ಟೆಲ್ಲಾ ಒಬ್ಬಳಿಗೇ ಬರ್ತಿತ್ತಾ ನಿನಗೆ?" ಅಂದರು ಕಡೆಗೆ. "ಸೋಮವಾರ ಬಾ. ಸ್ವಲ್ಪ ದಿನ ನೋಡ್ತೀನಿ. ಇನ್ನೊಂದು ತಪ್ಪಾದ್ರೆ ನಾನೇ ಕಳಿಸ್ತೀನಿ."

ಕೆಲಸ ಉಳಿಯಿತು. ಆದರೆ ನೀಲಾ ಕಲಿತಿದ್ದಾಳೆ ಎನ್ನುವುದು ಊರಿಗೇ ತಿಳಿಯಿತು. ಪ್ರಶಾಂತ ಹೋಗುವುದೂ ಖಾಯಂ ಆಯಿತು. ಅವಳು ಸಂತೋಷಪಡಲೋ, ಅಳಲೋ...

ಹೊರಗೆ ಆಸೀಮ ಕಾಕಾನ ಎಲೆ ಟೆಂಪೋ ನಿಂತಿತ್ತು.

"ಯಲವಿಗಿಗೆ ಹೊಂಟೇನಿ. ಹತ್ತು ಜಲ್ದಿ! ಬುಟ್ಟಿ ಮ್ಯಾಲ ಮಾತ್ರ ಕುಂದ್ರಬ್ಯಾಡ ಮತ್ತ!"

ದಾರಿಯುದ್ದಕ್ಕೂ ನೀಲಾ ಮುಂದೆ ಬಾಗಿಯೇ ಕೂತಿದ್ದಳು. ಗಾಡಿ ಬಂದುಬಿಟ್ಟರೆ? ಅವರು ಮಾತೇ ಆಡದಿದ್ದರೆ? ಮೆಟ್ಟಿಲಲ್ಲಿ ಮುಖ ತಿರುಗಿಸಿದಂತೆ ತಿರುಗಿಸಿದರೆ?

ಪ್ರಶಾಂತ ಯಲವಿಗಿ ಸ್ಟೇಷನ್ನಿನ ಬೇವಿನ ನೆರಳಿನ ಕಟ್ಟೆಯಲ್ಲಿದ್ದ. ಅವಳನ್ನು ಕಂಡು ಎದ್ದು ನಿಂತ.

"ಚಹಾದಂಗಡೀಲಿ ಕೇಳಿಸ್ಕೊಂಡೆ," ಅಂದ. "ತಪ್ಪು ಓದಿದೆ ಅಂದ್ರಿ. ಯಾಕೆ ಅಂತ ಹೇಳ್ಲಿಲ್ಲ."

"ಅದು ಊರಿಗೆ ಹೇಳೋದಲ್ರಿ." ಅವಳ ಉಸಿರು ಮೇಲೆ ಕೆಳಗೆ ಆಗುತ್ತಿತ್ತು. "ನನಗ ಎಲ್ಲಾ ಬರತಿತ್ತು. ನಾ ಕಲತೆ ಅಂದ್ರ ನಿಮ್ಮನ್ನ ಕಳಸ್ತಾರ ಅಂತ ಗೊತ್ತಾತು. ಅದಕ್ಕ... ಕಲೀಲಿಲ್ಲ."

ಪ್ರಶಾಂತ ತಲೆ ತಗ್ಗಿಸಿದ. ನೀಲಾಗೆ ಜೀವ ಹೋದಂತಾಯಿತು.

"ಏನರ ಅನ್ರಿ! ಬೈದ್ರೂ ಬೈರಿ!"

"ಬೈಯೋಕೆ ನನಗೆಲ್ಲಿದೆ ಮುಖ? ನಾನೂ ಕಳ್ಳನೇ. ಒಂದೇ ಪಾಠಾನ ಎಷ್ಟು ಸಲ ಹೇಳ್ಕೊಟ್ಟೆ ಗೊತ್ತಾ? ಮುಗಿದ್ರೆ ಹೋಗ್ಬೇಕಲ್ಲಾ ಅಂತ..."

ನೀಲಾ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ದೂರದಲ್ಲಿ ಗಾಡಿ ಕೂಗಿತು.

"ನೀಲಾ, ಈಗ ನಾನು ಕೆಲಸ ಇಲ್ಲದವನು. ಯಾವ ಬಾಯಲ್ಲಿ ಕೇಳ್ಲಿ?"

"ನನಗೈತಲ್ರಿ ಕೆಲಸ. ಒಂದು ಮನ್ಯಾಗ ಒಬ್ಬರಿಗಿದ್ರ ಸಾಕು... ಸದ್ಯಕ್ಕ."

ಅವನು ನಕ್ಕ. ಕಣ್ಣಲ್ಲಿ ನೀರಿತ್ತು. ಚೀಲ ಎತ್ತಿಕೊಂಡು ಗಾಡಿ ಹತ್ತಿದ, ಬಾಗಿಲಲ್ಲೇ ನಿಂತ.

"ಅಮ್ಮನಿಗೆ ಏನು ಹೇಳ್ಲಿ?"

"ಕೆಲಸಾ ಹೋತು, ಹುಡುಗಿ ಸಿಕ್ಕಳು ಅನ್ರಿ."

"ಕರ್ಕೊಂಡು ಬರ್ತೀನಿ ಅವರನ್ನ. ಮನೇಲಿ ಒಪ್ತಾರಾ ನಿಮ್ಮವ್ವ?"

"ಎಲಿ ಸಿಟ್ಟು ಇನ್ನೂ ಇಳದಿಲ್ಲ. ಗಣಪತಿ ಕೂಡಸೋದ್ರೊಳಗ ಬರ್ರಿ, ಇಳಿಸಿರ್ತೇನಿ."

ಶ್ರಾವಣದ ಕಡೆಯ ಗುರುವಾರ, ಮಧ್ಯಾಹ್ನದ ಗಾಡಿಗೆ ಪ್ರಶಾಂತ ತಿಪಟೂರಿಗೆ ಹೋದ.