ರಾಕ್ಷಸನ ಬಿಳಿ ಅಂಚು

“ನಾನು ಬರಲ್ಲ. ಎಲ್ಲ ನೀನೊಬ್ಳೇ ಮಾಡ್ತಿರೋದು ಅಂದ್ಯಲ್ಲ, ನೀನೇ ಮಾಡ್ಕೋ,” ಎಂದು ಇಲಿ ಬಾಗಿಲ ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಮೂರನೇ ಕ್ಲಾಸಿನ ಇಲಿಗೆ ಮಾತು ಕಡಿಮೆ. ಐದನೇ ಕ್ಲಾಸಿನ ಅಕ್ಕನಿಗೆ ಮಾತು ಜಾಸ್ತಿ. ಅದಕ್ಕೇ ಮನೆಯಲ್ಲಿ ತಂಗಿಯನ್ನು ಇಲಿ, ಅಕ್ಕನನ್ನು ಗಿಣಿ ಅನ್ನುತ್ತಿದ್ದರು. ನಿನ್ನೆ ಸ್ಕೂಲ್ ಬಸ್ಸಿನಲ್ಲಿ, ತಂಗಿ ಪಕ್ಕದಲ್ಲಿದ್ದಾಗಲೇ ಗಿಣಿ, “ರಾಕ್ಷಸನ ಪ್ರಿಂಟ್ ಪೂರ್ತಿ ನಾನೊಬ್ಳೇ ಮಾಡ್ತಿರೋದು,” ಎಂದು ಜಂಬ ಕೊಚ್ಚಿಕೊಂಡಿದ್ದಳು.

“ಹೋಗೆ. ಕಾಗದ ಇಡೋದು, ಕಾಗದ ತೆಗೆಯೋದು. ಅದೇನು ಮಹಾ ಕೆಲಸ?” ಎನ್ನುತ್ತ ಗಿಣಿ ಒಳಗೆ ಹೋದಳು.

ಅದು ಅತ್ತೆಯ ಅಂಗಡಿ. ಅತ್ತೆ ಬಟ್ಟೆ ಚೀಲಗಳ ಮೇಲೆ ಚಿತ್ರ ಪ್ರಿಂಟ್ ಮಾಡುತ್ತಾರೆ. ಮೇಜಿನ ಮೇಲೆ ಹೋದ ವಾರ ಅಕ್ಕ ತಂಗಿ ಸೇರಿ, ಸುತ್ತ ಬಿಳಿ ಅಂಚು ಬಿಟ್ಟು ಬಣ್ಣ ಹಾಕಿದ ನಾಲ್ಕು ಹಾಳೆಗಳಿದ್ದವು. ಗುಲಾಬಿ, ಹಸಿರು, ಹಳದಿ, ನೀಲಿ. ಅವುಗಳ ಮೇಲೆ ಕಪ್ಪು ಬಿದ್ದರೆ ಮುಖ ಮೂಡುತ್ತದೆ. ಚಪ್ಪಟೆ ತಲೆ, ಹಣೆಯಲ್ಲಿ ಹೊಲಿಗೆ, ಕತ್ತಿನಲ್ಲಿ ಬೋಲ್ಟು. ಮಕ್ಕಳಿಗೆಲ್ಲ ಗೊತ್ತಿರುವ ಸಿನಿಮಾ ರಾಕ್ಷಸ. ನಾಳೆಯೇ ಸ್ಕೂಲಿನ ಎಕ್ಸಿಬಿಷನ್.

ಗಿಣಿ ಗುಲಾಬಿ ಹಾಳೆಯನ್ನು, ಮುಖದ ಅಚ್ಚಿರುವ ಬಲೆಯನ್ನು ಚೌಕಟ್ಟಿಗೆ ಬಿಗಿದ ಸ್ಕ್ರೀನಿನ ಕೆಳಗಿಟ್ಟಳು. ಬಲೆಯ ಮೇಲೆ ಕಪ್ಪು ಬಣ್ಣ ಸುರಿದು, ರಬ್ಬರ್ ಪಟ್ಟಿಯಿಂದ ಒಂದೇ ಉಸಿರಿಗೆ ಎಳೆದಳು. ಚೌಕಟ್ಟು ಎತ್ತಿದರೆ, ರಾಕ್ಷಸ ಕಣ್ಣು ಬಿಟ್ಟಿದ್ದ. ಖುಷಿಯಿಂದ ಹಾಳೆ ತೆಗೆದಳು. ಬಿಳಿ ಅಂಚಿನಲ್ಲಿ ಅವಳದೇ ಹೆಬ್ಬೆಟ್ಟು ಕಪ್ಪಗೆ ಕೂತಿತ್ತು. ಒರೆಸಿದಳು. ಇನ್ನಷ್ಟು ಹರಡಿತು.

ಸೋಪು ಹಾಕಿ ಕೈ ತಿಕ್ಕಿ ಬರುವಷ್ಟರಲ್ಲಿ ಬಲೆಯಲ್ಲಿದ್ದ ಬಣ್ಣ ಒಣಗಿ ಅಲ್ಲಲ್ಲಿ ತೂತು ಮುಚ್ಚಿತ್ತು. ಹಸಿರು ರಾಕ್ಷಸನಿಗೆ ಒಂದು ಕಣ್ಣೇ ಮೂಡಲಿಲ್ಲ.

ಗಿಣಿ ಹಾಳೆ ಹಿಡಿದು ಅತ್ತೆಯ ಕಡೆ ತಿರುಗಿದಳು. “ಅತ್ತೆ, ನೀವು ಮಾಡುವಾಗ ಹೀಗಾಗಲ್ವಲ್ಲ?”

ಅತ್ತೆ ಒದ್ದೆ ಬಟ್ಟೆಯಿಂದ ಬಲೆ ಒರೆಸಿದರು. “ನಾನು ಯಾವತ್ತು ಒಬ್ಳೇ ಮಾಡಿದೀನಿ? ಬಣ್ಣದ ಕೈ ಒಬ್ಬರದು, ಕಾಗದದ ಕೈ ಇನ್ನೊಬ್ಬರದು. ನಿಮ್ಮ ಮಾವ ಇಲ್ಲದ ದಿನ ನಾನು ಬಣ್ಣದ ಡಬ್ಬಿ ಮುಚ್ಚಳಾನೇ ತೆಗೆಯಲ್ಲ.”

ಗಿಣಿಗೆ ಹೋದ ವಾರ ನೆನಪಾಯಿತು. ಅವತ್ತು ಬಣ್ಣ ಎಳೆದು ತಲೆ ಎತ್ತುವಷ್ಟರಲ್ಲಿ ಹೊಸ ಹಾಳೆ ತಾನಾಗಿ ಬಂದಂತೆ ಕೂತಿರುತ್ತಿತ್ತು. ಮೂಗು ತುರಿಸಿದರೂ ಇಲಿ ಕೈಯಲ್ಲಿ ಮುಟ್ಟಿಕೊಳ್ಳುತ್ತಿರಲಿಲ್ಲ. ಕೈ ಕೊಳೆಯಾಗಬಾರದೆಂದು ಭುಜಕ್ಕೆ ಉಜ್ಜಿಕೊಳ್ಳುತ್ತಿದ್ದಳು.

ಗಿಣಿ ಮೆಟ್ಟಿಲ ಬಳಿ ಹೋಗಿ ನಿಂತಳು. ಕೈಗಳೆರಡನ್ನೂ ಮುಂದೆ ಚಾಚಿದಳು.

“ಎರಡು ಹಾಳಾಯ್ತು ಕಣೆ,” ಎಂದಳು. “ನೀನಿಲ್ದೆ ಆಗಲ್ಲ.”

ಇಲಿ ಅಕ್ಕನ ಕಪ್ಪು ಕೈಗಳನ್ನು ನೋಡಿದಳು. “ನನ್ನ ಮುಟ್ಬೇಡ ಮತ್ತೆ,” ಎಂದು ಎದ್ದವಳೇ ಕೈ ತೊಳೆಯಲು ಸೀದಾ ನಲ್ಲಿಯ ಕಡೆ ಹೋದಳು.

ಹಳದಿ, ನೀಲಿ ಎರಡೂ ಚೊಕ್ಕವಾಗಿ ಬಂದವು. ಗಿಣಿ ಹಸಿರು ಹಾಳೆಯನ್ನು ಮುದುರಲು ಹೊರಟಾಗ ಇಲಿ ತಡೆದಳು. “ಬಿಸಾಕ್ಬೇಡ. ಕಣ್ಣು ಹೊಡೀತಿದಾನೆ, ಇರಲಿ.”

ಮರುದಿನ ಗೋಡೆಯ ಮೇಲೆ ನಾಲ್ವರು ರಾಕ್ಷಸರು ಸಾಲಾಗಿ ನಿಂತಿದ್ದರು. ಹೆಬ್ಬೆಟ್ಟಿನವನೂ ಇದ್ದ, ಕಣ್ಣು ಹೊಡೆಯುವವನೂ ಇದ್ದ.

“ಚೆನ್ನಾಗಿದೆಯಲ್ಲ. ಯಾರು ಮಾಡಿದ್ದು?” ಮಿಸ್ ಕೇಳಿದರು.

ಗಿಣಿ ಬಾಯಿ ತೆರೆದಳು. ಆಮೇಲೆ ಗುಂಪಿನ ಹಿಂದಿದ್ದ ಪುಟ್ಟ ತಲೆಯನ್ನು ಹುಡುಕಿದಳು.

“ಬಣ್ಣ ಎಳೆದಿದ್ದು ನಾನು ಮಿಸ್. ಅಂಚು ಎಲ್ಲೆಲ್ಲಿ ಬಿಳಿಯಾಗೇ ಉಳಿದಿದೆಯೋ ಅದೆಲ್ಲ ನನ್ನ ತಂಗಿ ಕೆಲಸ.”

ಎಲ್ಲರೂ ಬಗ್ಗಿ ಬಿಳಿ ಅಂಚನ್ನು ನೋಡತೊಡಗಿದರು. ಹಿಂದೆ ನಿಂತಿದ್ದ ಇಲಿ ಮೂಗನ್ನು ಭುಜಕ್ಕೆ ಉಜ್ಜಿಕೊಂಡಳು.